ಕಂಬ ಅಲ್ಲಾಡಿಸಿ ಕಾಲೇಜು ಆರಿಸಿದ ಮಗಳು

ಗಾಳೆಮ್ಮ,

ನೀ ಇರೋ ಊರಿಗೆ ಟಪಾಲು ಇಲ್ಲ, ಆದ್ರೂ ಬರಿತೀನಿ. ನಿನ್ನ ಮಗಳು ಮೇಘಾ ಹತ್ತನೇ ಕ್ಲಾಸ್ ಪಾಸಾದ್ಲು. ಖೋಖೋ ಚಲೋ ಆಡ್ತಾಳಂತ ಎರಡು ಕಾಲೇಜಿನವ್ರು ಕರದ್ರು.

ಸಿಂಧನೂರಾಗ ಕಂಪ್ಯೂಟರ್ ತೋರಿಸಿದ್ರು. ಇಕಿ ಸೀದಾ ಗ್ರೌಂಡಿಗೆ ಹೋಗಿ ಖೋಖೋ ಕಂಬ ಹಿಡದು ಜಗ್ಗಿದ್ಲು. ನನ್ನ ಹಲ್ಲಿನಂಗ ಅಲ್ಲಾಡ್ತು. "ಓಡಿಬಂದು ಇದನ್ನ ಹಿಡದು ತಿರುಗಬೇಕಪ್ಪ. ಬ್ಯಾಡ, ನಡಿ" ಅಂದ್ಲು.

ಲಿಂಗಸುಗೂರಾಗ ಕಂಬಕ್ಕ ನಾನ ಜೋತುಬಿದ್ದೆ. ಅಲ್ಲಾಡಲಿಲ್ಲ.

"ಯಜಮಾನ್ರೇ, ಸೀಟು ನಿಮಗೇನ್ರಿ?" ಅಂತ ಪಿ.ಟಿ. ಮಾಸ್ತರು ನಕ್ಕು, ಇಕಿನ್ನ ಕೇಳಿದ್ರು: "ಆಟ ಯಾರು ಕಲಿಸಿದ್ರವ್ವಾ?"

"ನಮ್ಮವ್ವ ರೀ. ಒಂಬತ್ತನೇ ಕ್ಲಾಸಿನ್ಯಾಗ ಅಕಿಗೆ ಮದಿವಿ ಮಾಡಿಬಿಟ್ರು."

ನಾ ನನ್ನ ಚಪ್ಪಲಿ ನೋಡಕೋತ ನಿಂತೆ.

ಇಕಿ ಓಡಿದ್ಲು, ಕಂಬ ಹಿಡದು ಗರ್ರನ ತಿರುಗಿದ್ಲು. ಸೀಟು ಸಿಕ್ತು! ಎಲ್ಲರೂ ಚಪ್ಪಾಳಿ ಹೊಡದ್ರು. ನಾನೂ ಹೊಡದೆ, ನಿನ್ನ ಪಾಲಿಂದೂ ಸೇರಿಸಿ.