ಪೂರ್ತಿ ಹೆಸರು

ಅಕ್ಟೋಬರ್ 18, ಶುಕ್ರವಾರ. ಸೌತ್‌ಫೀಲ್ಡ್, ಅಮೆರಿಕ

ನನ್ನ ಹಾಳು ಬಾಯಿ! ಡ್ರೈವಿಂಗ್ ಕಲಿಸುವ ಇರಾಕಿನ ಬಷೀರ್ ಅವರನ್ನು ಸುಮ್ಮನೆ ಮಾತಿಗೆಂದು ಪೂರ್ತಿ ಹೆಸರು ಕೇಳಿದೆ. ಕಾರನ್ನು ಪಕ್ಕಕ್ಕೆ ನಿಲ್ಲಿಸಲು ಹೇಳಿದರು. ಯುದ್ಧದ ದಿನಗಳಲ್ಲಿ ಬಾಗ್ದಾದಿನಲ್ಲಿ ಶಿಯಾ ಬಂದೂಕುಧಾರಿಗಳು ರಸ್ತೆಗೆ ಅಡ್ಡ ನಿಂತು ಇದನ್ನೇ ಕೇಳಿದ್ದರಂತೆ. ಅವರ ತಮ್ಮ "ಒಮರ್" ಎಂದನಂತೆ. ಸುನ್ನಿಗಳ ಹೆಸರು. ಅಲ್ಲೇ ಇಳಿಸಿ ಗುಂಡು ಹೊಡೆದರು. ಮುಂದಿನ ಬೀದಿಯಲ್ಲಿ ಸುನ್ನಿಗಳು ಅಲಿ ಎಂಬ ಶಿಯಾ ಹೆಸರಿನವರನ್ನು ಹೀಗೇ ಇಳಿಸುತ್ತಿದ್ದರಂತೆ. ಮೂಲೆಯಲ್ಲಿ ಅಮೆರಿಕದ ಟ್ಯಾಂಕ್ ಸುಮ್ಮನೆ ನಿಂತಿತ್ತಂತೆ.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. "ನೀನೇನ್ ತಪ್ಪು ಮಾಡ್ದೆ? ನಾವೆಲ್ಲಾ ಕೇಳಲ್ವಾ?" ಎಂದರು ಇವರು.

ಕೇಳುತ್ತೇವೆ. ಯಾವ ಜನ ಅಂತ ತಿಳಿಯುವುದಕ್ಕೇ ಕೇಳುತ್ತೇವೆ. ಬೆಳಿಗ್ಗೆ ಲಿಫ್ಟಿನಲ್ಲಿ, ಹೊಸದಾಗಿ ಬಂದಿರುವ ಮಂಡ್ಯದ ಹುಡುಗಿಯನ್ನೂ ಕೇಳಿದ್ದೆ. ಅವಳ ನಗು ನಿಂತುಹೋಗಿತ್ತು.

"ಸಂಧ್ಯಾ. ಅಷ್ಟೇ, ಆಂಟಿ."