ಈಗಷ್ಟೇ ಉಂಡೆಯಲ್ಲಮ್ಮ

ಮನೆಯಿಂದ,
ಆರನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ದೊರೆಗೆ,

ಅಮ್ಮ ಇಟ್ಟ ಅಡ್ಡಹೆಸರಿನಲ್ಲೇ ಕರೆದಿದ್ದೇನೆ. ಇರುವ ಒಬ್ಬ ತಮ್ಮನಿಗೆ ಇಷ್ಟಾದರೂ ಮರ್ಯಾದೆ ಬೇಡವೇ? ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕ್ರೇನಿನ ಆ ಗೂಡಿನಲ್ಲಿ ಹತ್ತು ಗಂಟೆ ಮುದುರಿ ಕೂತರೆ ಯಾರ ಬೆನ್ನು ತಾನೇ ನೆಟ್ಟಗಿರುತ್ತದೆ! ಇಳಿದ ಮೇಲೆ ಸ್ವಲ್ಪ ನಡೆದಾಡು. ನಾನೂ ನನ್ನ ಮಗಳೂ ಚೆನ್ನಾಗಿದ್ದೇವೆ. ಅಮ್ಮನ ವಿಷಯ ಆಮೇಲೆ ಬರೆಯುತ್ತೇನೆ. ಫೋನು ಮಾಡಬಹುದಿತ್ತು, ಆದರೆ ನನ್ನ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ನಿನ್ನನ್ನು ಯಾರೋ ಕೂಗುತ್ತಾರೆ. ಕಾಗದವನ್ನಾದರೆ ಕೊನೆಯವರೆಗೆ ಓದುತ್ತೀಯ.

ನಿನ್ನ ಹಣ ನಿನ್ನೆ ಕೈಸೇರಿತು. ಜೊತೆಗೆ ನಿನ್ನ ಹೊಗಳಿಕೆಯೂ ಬಂತು: "ಎರಡು ತಿಂಗಳಿಂದ ಮಧ್ಯದಲ್ಲಿ ದುಡ್ಡು ಕೇಳಿಲ್ಲ ನೀನು. ಅಂತೂ ಮನೆ ನಡೆಸೋದು ಕಲಿತೆ ಬಿಡಕ್ಕಾ." ಬೈಕ್ ಕೊಂಡಾಗಿನಿಂದ ನೀನು ಕಳಿಸುವುದು ಕಡಿಮೆಯಾಯಿತು. ನನ್ನ ಸಂಬಳ ಮನೆ ಬಾಡಿಗೆಗೂ ಮಗಳ ಶಾಲೆಗೂ ಸರಿಹೋಗುತ್ತದೆ, ಒಲೆ ಉರಿಯುವುದು ನಿನ್ನ ದುಡ್ಡಿನಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನೀನೇ ಉಪದೇಶ ಮಾಡಿದೆ. ಚಾಚಿದೆನಪ್ಪ. ಟೀಗೆ ಹಾಲು ಹಾಕುವುದನ್ನು ಬಿಟ್ಟೆ. ಮೊಟ್ಟೆ ಮಗಳಿಗೆ ಮಾತ್ರ ಎಂದೆ. ಎಣ್ಣೆಯನ್ನು ಬಟ್ಟೆಯ ಚೂರಿಗೆ ಅದ್ದಿ ಬಾಣಲೆಗೆ ಒರೆಸಿದೆ. ಆದರೂ ಇಪ್ಪತ್ತನೇ ತಾರೀಕಿಗೆ ಅಕ್ಕಿ ಡಬ್ಬದ ತಳ ಕಾಣುತ್ತಿತ್ತು. ನಿನ್ನ ಸಂಬಳದ ದಿನಕ್ಕೆ ಇನ್ನೂ ಹದಿನೈದು ದಿನ. ಹೋಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಒಂಬತ್ತು ಗಂಟೆ ನಿಂತು ಹಾಸಿಗೆಯ ಚಾದರ ಮಡಚುವವಳು ಖಾಲಿ ಹೊಟ್ಟೆಯಲ್ಲಿ ಎಷ್ಟು ದಿನ ನಿಂತಾಳು ಹೇಳು.

ಹಾಗಾದರೆ ಹೇಗೆ ನಡೆಸಿದೆ ಎಂದು ಕೇಳಬೇಕಿತ್ತು ನೀನು. ಕೇಳಲಿಲ್ಲ. ನಾನೇ ಹೇಳುತ್ತೇನೆ, ಕೇಳು. ಅಮ್ಮನ ಮರೆವು ನಿನಗೆ ಗೊತ್ತೇ ಇದೆ. ಒಂದು ದಿನ ಉಂಡು ಎದ್ದ ಹತ್ತೇ ನಿಮಿಷಕ್ಕೆ "ಊಟಕ್ಕೆ ಹಾಕೇ, ಹೊಟ್ಟೆ ಹಸೀತಿದೆ" ಎಂದಳು. "ಈಗಷ್ಟೇ ಉಂಡೆಯಲ್ಲಮ್ಮ" ಎಂದೆ. "ಹೌದಾ?" ಎಂದು ಸುಮ್ಮನಾದಳು. ಆ ದಿನ ಅದು ನಿಜ. ಮಾರನೆಯ ದಿನ ಅವಳು ಉಂಡಿರಲಿಲ್ಲ. ಆಗಲೂ ಅದನ್ನೇ ಹೇಳಿದೆ. ಬಾಯಿ ತಪ್ಪಿ ಬಂತು ಎಂದು ಬರೆದರೆ ಸುಳ್ಳಾಗುತ್ತದೆ, ಬೇಕೆಂದೇ ಹೇಳಿದೆ. ನಂಬಿದಳು. ಆಮೇಲೆ ಕೆಲಸ ಕೈಗೆ ಕೂತಿತು. ತಟ್ಟೆಗೆ ನಾಲ್ಕು ಅಗುಳು ಮೆತ್ತಿ ಅವಳ ಮುಂದಿಟ್ಟು, ನೋಡು ನಿನ್ನದೇ ತಟ್ಟೆ ಎನ್ನುತ್ತಿದ್ದೆ. ಕೈಗೆ ನೀರು ಹಾಕಿ ಸೆರಗಿನಿಂದ ಒರೆಸಿಬಿಟ್ಟರೆ ತೇಗನ್ನೂ ತೆಗೆಯುತ್ತಿದ್ದಳು. ಬೆಳಿಗ್ಗೆ ಎರಡು ಚೂರು ಬ್ರೆಡ್ಡು ಕೊಡುತ್ತಿದ್ದೆ, ಅದನ್ನು ತಪ್ಪಿಸಲಿಲ್ಲ. ಮಿಕ್ಕ ಎರಡು ಹೊತ್ತು ಮಾತಿನಲ್ಲೇ ಉಣಿಸಿದೆ.

ಒಂದು ದಿನ ಮಗಳು "ಇಲ್ಲ ಅಜ್ಜಿ, ನೀನು ಉಂಡಿಲ್ಲ" ಎಂದುಬಿಟ್ಟಳು. ತೊಡೆ ಚಿವುಟಿದೆ. ಆರು ವರ್ಷದ ಹುಡುಗಿಗೆ ಒಂದು ಚಿವುಟು ಸಾಕು. ಮಾರನೆಯ ದಿನ ಅವಳೇ, "ಆಲೂಗಡ್ಡೆ ಎರಡು ಸಲ ಹಾಕಿಸ್ಕೊಂಡೆ ಅಜ್ಜಿ, ನಂಗೇ ಉಳಿಸ್ಲಿಲ್ಲ!" ಎಂದು ಮುನಿಸಿಕೊಂಡು ತೋರಿಸಿದಳು. ಅಮ್ಮ ಹಣೆ ಚಚ್ಚಿಕೊಂಡು ನಕ್ಕಳು. "ಅಯ್ಯೋ, ನನ್ನ ಮರೆವಿಗೆ ಬೆಂಕಿ ಬೀಳ, ಮಗು ಪಾಲೂ ತಿಂದುಬಿಟ್ಟೆನಾ?" ನಾವೂ ನಕ್ಕೆವು. ಆ ಆಲೂಗಡ್ಡೆ ತಿಂದವಳು ನಾನು. ಗಂಟಲಲ್ಲಿ ಸಿಕ್ಕಲಿಲ್ಲ, ಚೆನ್ನಾಗಿಯೇ ಇಳಿಯಿತು, ಇಳಿಯಿತಲ್ಲ ಎಂದು ನನಗೆ ನನ್ನ ಮೇಲೇ ಹೇಸಿಗೆ. ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಇರಬಹುದು. ಬೇರೆ ಯಾವ ಬಂಧು ನಾನು ಹೇಳಿದ್ದನ್ನು ಇಷ್ಟು ಸುಲಭವಾಗಿ ನಂಬುತ್ತಿದ್ದರು? ನನ್ನನ್ನು ರಾಕ್ಷಸಿ ಎಂದುಕೊಳ್ಳುತ್ತೀಯ. ಎಂದುಕೋ. ಆದರೆ ನೀನು ಮೆಚ್ಚಿದ ಜಾಣತನ ಇದೇ.

ಇನ್ನೇನು ಬರೆಯಲಿ? ಮಗಳ ಮುಂದಿನ ಹಲ್ಲು ಬಿದ್ದಿದೆ, ಮಾವನಿಗೆ ತೋರಿಸಬೇಕಂತೆ. ನಿನ್ನ ಬೆನ್ನು ಬೇಗ ವಾಸಿಯಾಗಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಗಾಡಿ ನಿಧಾನವಾಗಿ ಓಡಿಸು. ಎಷ್ಟು ಬೈದರೂ ನಿನ್ನ ಒಳ್ಳೆಯದನ್ನೇ ಬಯಸುವ,

ನಿನ್ನ ಅಕ್ಕ

ಮರೆತಿದ್ದು: ಮರೆತಿಲ್ಲ, ಬರೆಯಲು ಕೈ ಬರಲಿಲ್ಲ. ಮಂಗಳವಾರದಿಂದ ಅಮ್ಮ ಊಟ ಕೇಳುವುದನ್ನೇ ಬಿಟ್ಟಿದ್ದಾಳೆ. ಪೀಡೆ ಕಳೆಯಿತು, ಅಕ್ಕಿ ಉಳಿಯಿತು ಎಂದು ಮೊದಲೆರಡು ದಿನ ಖುಷಿಪಟ್ಟೆ. ಆಮೇಲೆ ಬೆಳಗಿನ ಬ್ರೆಡ್ಡನ್ನೂ ತಳ್ಳಿದಳು. ನಿನ್ನೆ ನಿನ್ನ ಹಣ ಬಂದೊಡನೆ ಬಿಸಿ ಅನ್ನ ಮಾಡಿ, ಎರಡು ಮೊಟ್ಟೆ ಹುರಿದು ಮುಂದಿಟ್ಟೆ. "ಈಗಷ್ಟೇ ಉಂಡೆನಲ್ಲೇ" ಎಂದು ತುಟಿ ಬಿಗಿದುಕೊಂಡಳು. ತುತ್ತು ಬಾಯಿಗಿಟ್ಟರೆ ಉಗಿಯುತ್ತಾಳೆ. ಬರೀ ನೀರು ಕುಡಿಯುತ್ತಾಳೆ. ಕ್ಲಿನಿಕ್ಕಿನ ನರ್ಸಮ್ಮ ಬಂದು ನೋಡಿ, "ಹೀಗೇ ಆದ್ರೆ ಇನ್ನು ನಾಲ್ಕೈದು ದಿನ ಅಷ್ಟೇ" ಎಂದರು. ಫೋನಿನಲ್ಲಿ ನಿನ್ನ ದನಿ ಕೇಳಿದರೆ ರೇಡಿಯೊ ಎಂದುಕೊಳ್ಳುತ್ತಾಳೆ, ಅದು ಸಾಲದು. ಇದನ್ನೆಲ್ಲ ನಿನಗೆ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ನಾಳೆಯೇ ಯಾರ ಕೈಗಾದರೂ ಈ ಕಾಗದ ಕೊಟ್ಟು ಕಳಿಸುತ್ತೇನೆ, ಸಿಕ್ಕಿದ ತಕ್ಷಣ ಹೊರಡು. ನಿನ್ನ ಮಾತೆಂದರೆ ಅವಳಿಗೆ ವೇದವಾಕ್ಯ. ಎದುರಿಗೆ ಕೂತು, ಅಮ್ಮಾ ನೀನು ಇನ್ನೂ ಉಂಡಿಲ್ಲ ಎಂದು ಹೇಳು. ನಾನು ಹೇಳಿದರೆ ನನ್ನ ಕೆನ್ನೆ ತಟ್ಟಿ, "ಸುಳ್ಳು ಹೇಳ್ಬೇಡ ಕಣೇ" ಎಂದು ನಗುತ್ತಾಳೆ.