ನೀಲಾಳ ಪಾಲಿನ ಸೋಯಾ ಹಿಟ್ಟು

೪ ಫೆಬ್ರವರಿ ೧೯೪೬, ಶಹಾಬಾದ

ಇಂದೂ ಬೆಳಿಗ್ಗೆಯಿಂದ ಲಂಗೋಟಿ ಒಗೆಯುವುದೇ ಆಯಿತು. ಕೂಸಿನ ಮಲದಲ್ಲಿ ಇಂದೂ ರಕ್ತ. ನೀಲಾಳಿಗೆ ಎಂಟು ತಿಂಗಳು, ಎತ್ತಿಕೊಂಡರೆ ಭಾರವೇ ಇಲ್ಲ. ಟೈಫಾಯಿಡ್ ಬಂದು ನನ್ನ ಎದೆಹಾಲು ಬತ್ತಿತು. ಅಂದಿನಿಂದ ಎಮ್ಮೆ ಹಾಲು. ಅದೇ ಕೂಸಿಗೆ ಆಗಿಬರುತ್ತಿಲ್ಲ ಎಂದರು ದವಾಖಾನೆಯ ಡಾಕ್ಟರಮ್ಮ. ಹಾಲು ಪೂರ್ತಿ ಬಂದ್. ಲಡಾಯಿ ಮುಗಿದ ಮೇಲೆ ಹೊರದೇಶದಿಂದ ಬಂದ ಸೋಯಾ ಹಿಟ್ಟಿನ ಡಬ್ಬಿ ಕೊಟ್ಟರು — ನೀರಿನಲ್ಲಿ ಚೆನ್ನಾಗಿ ಕುದಿಸಿ, ತೆಳ್ಳಗೆ ಗಂಜಿ.

ಅತ್ತೆ ಡಬ್ಬಿ ಮೂಸಿ ಮುಖ ಸಿಂಡರಿಸಿದರು.

"ದನದ ಕಾಳಿನ ವಾಸನಿ ಬರ್ಲಿಕತ್ತದ. ಆಗ್ಲಿ, ಸ್ವಾದರ ಮಾವ ಬಂದು ಮೊದಲ್ನೇ ತುತ್ತು ಹಾಕ್ಲಿ. ಅಲ್ಲಿತನಕ ಕೂಸಿನ ಬಾಯಾಗ ಏನೂ ಇಡಬ್ಯಾಡ."

ಹಾಲು ಹೊಟ್ಟೆ ಕೊಯ್ಯುವುದಕ್ಕೆ ಯಾವ ಮಾವನ ಅಪ್ಪಣೆಯೂ ಬೇಡ! ಸ್ವಾದರ ಮಾವನೆಂದರೆ ನನ್ನ ಅಣ್ಣ ಅಮೃತಪ್ಪ, ಅವನಿಗೆ ವಾಡಿಯಲ್ಲಿ ರೈಲ್ವೆ ನೌಕರಿ. ರಜೆ ಸಿಗಬೇಕು. ಅಲ್ಲಿಯವರೆಗೆ ಬರೀ ಅಕ್ಕಿಯ ತಿಳಿ. ಅದು ತುತ್ತಲ್ಲವಂತೆ, ನೀರಂತೆ.

೭ ಫೆಬ್ರವರಿ

ಅಣ್ಣ ಬಂದಿಲ್ಲ. ಕೂಸು ಅಳುವುದನ್ನೂ ಬಿಟ್ಟಿದೆ. ಅತ್ತೆ ಮಾತ್ರ ಭಾರಿ ಖುಷಿಯಲ್ಲಿದ್ದಾರೆ. ಯಾಕೋ...

೧೦ ಫೆಬ್ರವರಿ, ಸಂಜೆ

ಅಣ್ಣ ಬಂದ. ಬೆಳ್ಳಿ ಬಟ್ಟಲು ತೊಳೆದಿಟ್ಟು ಡಬ್ಬಿ ತೆಗೆದೆ. ಖಾಲಿ! ಕೇಳಿದರೆ ಅತ್ತೆ ಹೆಮ್ಮೆಯಿಂದ ಒಂದು ಗಿಂಡಿ ಹಾಲು ತಂದಿಟ್ಟರು.

"ಎಮ್ಮಿಗಿ ಹಾಕೀನಿ. ಹತ್ತಿಕಾಳು ತಿಂದ್ರ ಹಾಲಿಗಿ ಬೆಣ್ಣಿ ಬರ್ತದಲ್ಲ? ಹಂಗೇ ಈ ಹಿಟ್ಟಿನ ಕಸುವೂ ಹಾಲಾಗ ಇಳೀತದ. ಕುಡಿಸು."

ಡಾಕ್ಟರಮ್ಮ ಯಾವುದು ಬೇಡವೆಂದರೋ ಅದನ್ನೇ! ನಮ್ಮ ಮನೆಯವರು "ಅವ್ವಂದೂ ಖರೇ ಅದ" ಎಂದು ನಕ್ಕರು. ನನ್ನ ಮೈಯೆಲ್ಲ ಉರಿಯಿತು.

"ಹಂಗಿದ್ರ ಎಮ್ಮಿನ್ನೇ ತೊಟ್ಟಿಲದಾಗ ಹಾಕ್ರಿ, ಕೂಸಿನ್ನ ಗ್ವಾದಲಿಗಿ ಕಟ್ರಿ!"

ಈ ಮನೆಗೆ ಬಂದ ಮೇಲೆ ಮೊದಲ ಸಲ ದನಿ ಎತ್ತಿದೆ.

೧೧ ಫೆಬ್ರವರಿ

ಡಾಕ್ಟರಮ್ಮ ಬೈದದ್ದು ನನ್ನನ್ನು. ಓದಿದವಳಾಗಿ ಎಮ್ಮೆಗೆ ಹಾಕಿಸಿದೆಯಾ ಅಂತ. ನಾನು ಹಾಕಿಸಿದೆನಂತೆ! ನುಂಗಿಕೊಂಡೆ. ಬೇರೆ ಡಬ್ಬಿ ಸಿಕ್ಕಿತು.

ಅಣ್ಣನೇ ಮೊದಲ ತುತ್ತು ಹಾಕಿದ. ನೀಲಾ ಉಗುಳಿದಳು. ಮತ್ತೆ ಹಾಕಿದ — ನುಂಗಿದಳು. ಅತ್ತುಬಿಟ್ಟೆ. ಡಬ್ಬಿ ಈಗ ನನ್ನ ಟ್ರಂಕಿನಲ್ಲಿ, ಕೀಲಿ ಸೊಂಟದಲ್ಲಿ.

೨ ಮಾರ್ಚ್

ರಕ್ತ ನಿಂತು ಎಷ್ಟೋ ದಿನವಾಯಿತು. ಕೆನ್ನೆ ತುಂಬಿವೆ. ಪಕ್ಕದ ಮನೆಯ ಜೈತುನ್ಬೀ ಬಂದು ಮುದ್ದು ಮಾಡಿದಳು. "ಏನ್ ಕುಡಸ್ತೀರಿ ಇಕಿಗಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ: "ಎಲ್ಲಾ ನಮ್ಮ ಎಮ್ಮಿ ಪುಣ್ಯಾ! ಅವತ್ತು ಅದಕ್ಕ ಆ ಹಿಟ್ಟು ಹಾಕಿದ್ನೆಲ್ಲ..."

ಆ ಹಾಲಿನ ಒಂದು ತೊಟ್ಟೂ ಕುಡಿದಿಲ್ಲ ಕೂಸು! ಒಲೆಯ ಮುಂದೆ ಕೂತು ಗಂಜಿ ಕುದಿಸುವವಳು ನಾನು, ಹೆಸರು ಎಮ್ಮೆಗೆ. ಸಿಟ್ಟು ತಡೆಯದೆ ಒಳಗೆ ಎದ್ದು ಬಂದೆ. ಕೂತು ಇದನ್ನು ಬರೆಯುತ್ತಿದ್ದೇನೆ. ಪಡಸಾಲೆಯಲ್ಲಿ ಅತ್ತೆಯ ಮಾತು ಇಲ್ಲಿಗೂ ಕೇಳುತ್ತಿದೆ.

"ಈಗ ಗಟ್ಟಿ ಆಗ್ಯಾಳ ಬಿಡು, ಜೈತುನ್ಬೀ. ಅಕಿ ಒಳಗ ಹೋಗ್ಯಾಳ, ಒಂದೀಟು ಹಾಲು ತಾ ಇಕಡಿ..."

ಗಿಂಡಿಯ ಸದ್ದು. ನೀಲಾಳನ್ನು ಅತ್ತೆಯ ತೊಡೆಯ ಮೇಲೇ ಬಿಟ್ಟು ಬಂದೆನಲ್ಲ —